ಆರು ವೋಲ್ಟಿನ ಮಾತು

ನನ್ನ ಹೆಂಡತಿಯ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕ, ಬ್ಯಾಟರಿಗಳ ಜೊತೆ ಮಾತಾಡುವ ಮನುಷ್ಯ. ಮದುವೆಯಾದ ಹೊಸತರಲ್ಲಿ ಹೆಂಡತಿ ಇದನ್ನು ಹೇಳಿದಾಗ ತಮಾಷೆ ಅಂದುಕೊಂಡಿದ್ದೆ. ಒಂದು ದಿನ ಅವರ ಅಂಗಡಿಗೆ ಹೋದರೆ, ಲಾರಿಯಿಂದ ಇಳಿಸಿದ ದೊಡ್ಡದೊಂದು ಬ್ಯಾಟರಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, "ಯಾಕಪ್ಪ, ಸುಸ್ತಾ? ಯಾರು ನಿನ್ನ ಹೀಗೆ ಹಿಂಡಿದ್ದು?" ಎಂದು ಕೇಳುತ್ತಿದ್ದರು. ಲಾರಿಯ ಡ್ರೈವರು ಪಕ್ಕದಲ್ಲಿ ತಪ್ಪಿತಸ್ಥನ ಹಾಗೆ ತಲೆ ತಗ್ಗಿಸಿ ನಿಂತಿದ್ದ. ಅಳಿಯನಾಗಿ ಬಂದು ಎಂಥ ಜನರ ಮಧ್ಯೆ ಸಿಕ್ಕಿಕೊಂಡೆನಪ್ಪಾ ಎಂದು ಅವತ್ತು ಅನ್ನಿಸಿದ್ದು ನಿಜ.

ನಾನು ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವವನು. ಹೊರಡುವ ಹೊತ್ತು, ತಲುಪುವ ಹೊತ್ತು, ಎರಡರ ನಡುವೆ ಬೇರೆ ಮಾತಿಲ್ಲ. ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರ ದೂರು. ಷಡ್ಡಕ ನನಗಿಂತ ಹನ್ನೊಂದು ವರ್ಷ ದೊಡ್ಡವರು, ನಾನು ಭಾವ ಎಂದೇ ಕರೆಯುತ್ತೇನೆ. ಅವರಿಗೆ ಕೋಪ ಎಂಬುದೇ ಗೊತ್ತಿಲ್ಲ. ಜಗಳಕ್ಕೆ ಬಂದವರಿಗೂ ಸ್ಟೂಲು ಎಳೆದು ಕೂರಿಸಿ, "ಏನ್ ತೋರಿಸ್ತಿದೆ, ನೋಡೋಣ ಬನ್ನಿ" ಎಂದು ಮೀಟರು ಕೈಗೆತ್ತಿಕೊಳ್ಳುತ್ತಿದ್ದರು. ಮೀಟರಿನ ಮುಳ್ಳು ಹೇಳಿದ ಮೇಲೆ ಯಾರೂ ಜಗಳ ಮುಂದುವರಿಸುತ್ತಿರಲಿಲ್ಲ.

ಮೂವತ್ತೊಂದು ವರ್ಷ ಅವರು ಆ ಅಂಗಡಿ ನಡೆಸಿದರು. ಉದ್ದಕ್ಕೆ ಓಣಿಯ ಹಾಗಿದ್ದ ಕೋಣೆ, ಒಂದು ಗೋಡೆಗೆ ಮರದ ಬೆಂಚು, ಅದರ ಮೇಲೆ ಸಾಲಾಗಿ ಗುಂಯ್‌ಗುಟ್ಟುವ ಚಾರ್ಜರುಗಳು, ಗಂಟಲು ಕೆರೆಯುವ ಆಸಿಡ್ ವಾಸನೆ. ಆ ಅಂಗಡಿಗೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಚಾರ್ಜರಿನಿಂದ ಬಿಚ್ಚಿದ ಕೂಡಲೇ ಬ್ಯಾಟರಿಯನ್ನು ಅಳೆಯುವ ಹಾಗಿಲ್ಲ. ಆಗ ಅದು ಉಬ್ಬಿಹೋಗಿರುತ್ತದೆ, ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಒಂದು ರಾತ್ರಿ ಸುಮ್ಮನೆ ಬಿಟ್ಟು ಬೆಳಗ್ಗೆ ಅಳೆದರೆ ಮಾತ್ರ ಅದರ ನಿಜವಾದ ಆರೋಗ್ಯ ತಿಳಿಯುತ್ತದೆ. ಅವಸರ ಮಾಡುವ ಗಿರಾಕಿಗಳಿಗೆ, "ಹೊಟ್ಟೆ ತುಂಬ ಉಂಡು ಎದ್ದ ತಕ್ಷಣ ತೂಕ ನೋಡ್ಕೋತೀರೇನ್ರೀ? ನಾಳೆ ಬನ್ನಿ" ಎನ್ನುತ್ತಿದ್ದರು. ಇದು ಅವರು ಕಲಿತ ಮೊದಲ ಪಾಠ. ಲಾರಿ ಬ್ಯಾಟರಿಗಳ ಮಟ್ಟಿಗೆ ನೂರಕ್ಕೆ ನೂರು ಸರಿ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಡೆದದ್ದಕ್ಕೆಲ್ಲ ಈ ಸರಿಯಾದ ಪಾಠವೇ ಕಾರಣ.

ರಸ್ತೆ ಅಗಲ ಮಾಡುವಾಗ ಅಂಗಡಿ ಹೋಯಿತು. ಭಾವ ಮನೆಯಲ್ಲಿ ಕೂತರು. ಕೂತರು ಎನ್ನುವುದು ತಪ್ಪು, ಒಂದು ಕ್ಷಣವೂ ಕೂರಲಿಲ್ಲ. ಗೋಡೆ ಗಡಿಯಾರದ ಸೆಲ್ಲು ತೆಗೆದು ಅಳೆಯುವುದು, ಟಾರ್ಚು ಬಿಚ್ಚುವುದು, ಪಕ್ಕದ ಮನೆಯವರ ಸ್ಕೂಟರನ್ನು ಕೇಳದೆ ಪರೀಕ್ಷಿಸುವುದು. ಅತ್ತಿಗೆ ತಲೆ ಕೆಟ್ಟು ನನಗೆ ಫೋನ್ ಮಾಡಿದರು. "ನಿಮ್ಮ ಭಾವನ್ನ ಎಲ್ಲಿಗಾದ್ರೂ ಕರ್ಕೊಂಡ್ ಹೋಗಿ. ಇನ್ನೊಂದು ವಾರ ಹೀಗೇ ಇದ್ರೆ ನನ್ನನ್ನೂ ಮೀಟರಿಗೆ ಹಚ್ಚಿ ನೋಡ್ತಾರೆ."

ನಮ್ಮ ಬೀದಿಯ ಕೊನೆಯಲ್ಲಿ ಬೇಕರಿಯವರೊಬ್ಬರಿದ್ದಾರೆ. ಅವರಿಗೆ ಪುಟ್ಟ ವಿಮಾನ ಹಾರಿಸುವ ಹುಚ್ಚು. ಪುಟ್ಟದು ಎಂದರೆ ಆಟಿಕೆಯಲ್ಲ, ರೆಕ್ಕೆ ಒಬ್ಬ ಆಳಿಗಿಂತ ಉದ್ದ, ಒಳಗೆ ಪೆಟ್ರೋಲ್ ಇಂಜಿನ್, ನೆಲದ ಮೇಲೆ ನಿಂತು ರಿಮೋಟಿನಲ್ಲಿ ನಡೆಸುವಂಥದ್ದು. ಊರ ಹೊರಗೆ ಪಾಳುಬಿದ್ದ ಇಟ್ಟಿಗೆ ಕಾರ್ಖಾನೆಯ ಬಯಲಿನಲ್ಲಿ ಅಂಥ ಎಂಟು ಹತ್ತು ಜನ ಭಾನುವಾರ ಸೇರುತ್ತಾರೆ. ಭಾವನನ್ನು ನಾನು ಅಲ್ಲಿಗೆ ಕರೆದೊಯ್ದೆ. ದೊಡ್ಡವರು ಮಕ್ಕಳ ಹಾಗೆ ಆಡುವುದನ್ನು ನೋಡಿ ನನಗೆ ಮೈ ಉರಿಯಿತು. ಭಾವ ಮಾತ್ರ ಬಗ್ಗಿ ಒಂದು ಇಂಜಿನ್ನಿನ ಹಿಂದೆ ಕಣ್ಣಿಟ್ಟವರು ಮಧ್ಯಾಹ್ನದವರೆಗೆ ಏಳಲಿಲ್ಲ.

ಆ ಇಂಜಿನ್ನಿಗೆ ಕಿಡಿ ಬೇಕು. ಕಿಡಿ ಹುಟ್ಟಿಸಲು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಡಬ್ಬಿ ಇರುತ್ತದೆ, ಬಯಲಿನವರೆಲ್ಲ ಅದನ್ನು ಕಿಡಿಡಬ್ಬಿ ಎನ್ನುತ್ತಾರೆ. ಡಬ್ಬಿಗೆ ಜೀವ ಕೊಡುವುದು ಒಂದು ಪುಟ್ಟ ಬ್ಯಾಟರಿ. ವೋಲ್ಟು ಕಡಿಮೆಯಾದರೆ ಕಿಡಿ ಸೊರಗಿ ಇಂಜಿನ್ ಕೆಮ್ಮುತ್ತದೆ. ಹೆಚ್ಚಾದರೆ ಡಬ್ಬಿ ಸುಡುತ್ತದೆ, ವಿಮಾನ ಮೇಲಿದ್ದಾಗ ಸುಟ್ಟರೆ ಇಂಜಿನ್ ಅಲ್ಲೇ ನಿಲ್ಲುತ್ತದೆ. ಡಬ್ಬಿಯ ಮೇಲೆ ನಾಲ್ಕು ಪಾಯಿಂಟ್ ಎಂಟರಿಂದ ಆರು ವೋಲ್ಟ್ ಎಂದು ಬರೆದಿತ್ತು. ಯಾವ ಬ್ಯಾಟರಿ ಹಾಕಬೇಕೆಂಬ ಬಗ್ಗೆ ಬಯಲಿನಲ್ಲಿ ತಲೆಗೊಂದು ಮಾತು. ಮೂರೇ ಭಾನುವಾರದಲ್ಲಿ ಎಲ್ಲರೂ ಭಾವನ ಮಾತು ಕೇಳತೊಡಗಿದರು. ಅವರಿಗೊಂದು ಮಡಚುವ ಕುರ್ಚಿ ಬಂತು, ಮುಂದೆ ಒಂದು ಮೇಜು ಬಂತು, ವೋಲ್ಟಣ್ಣ ಎಂಬ ಹೆಸರೂ ಬಂತು. ಶನಿವಾರ ಸಂಜೆಯೇ ಅವರು ಅಂಗಿ ಇಸ್ತ್ರಿ ಮಾಡಿಸಿ ಇಡುತ್ತಿದ್ದರು ಎಂದು ಅತ್ತಿಗೆ ಹೇಳಿ ನಗುತ್ತಿದ್ದರು. ಅವರು ನಕ್ಕಿದ್ದನ್ನು ಕೇಳಿ ಎಷ್ಟೋ ದಿನವಾಗಿತ್ತು.

ಭಾವ ಉಡಾಫೆಯ ಮನುಷ್ಯನಲ್ಲ. ಬಯಲಿನ ಕೂಟದ ಕಾರ್ಯದರ್ಶಿ ಒಮ್ಮೆ ಎರಡು ಸೆಲ್ಲಿನ ಲಿಥಿಯಂ ಬ್ಯಾಟರಿ ತಂದು, ಹಗುರವಾಗಿದೆ, ಇದನ್ನೇ ಹಾಕಲೇ ಎಂದು ಕೇಳಿದರು. "ಪೂರ್ತಿ ಚಾರ್ಜಾದ್ರೆ ಎಂಟೂ ಚಿಲ್ಲರೆ ಹತ್ತುತ್ತೆ ಅದು. ಡಬ್ಬಿನ ಸುಡೋಕೆ ಆಸೆ ಇದ್ರೆ ಹಾಕಿ, ನನ್ನ ಮೇಜಿಗೆ ಮಾತ್ರ ತರ್ಬೇಡಿ" ಎಂದು ಭಾವ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಅವರು ಯಾರಿಗಾದರೂ ಗಟ್ಟಿಯಾಗಿ ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಆ ಬಯಲಿನಲ್ಲಿ ಒಬ್ಬ ದರ್ಜಿಯವರಿದ್ದರು. ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ. ಅಳತೆ ಹಿಡಿದು, ಸೀಮೆಸುಣ್ಣದ ಗೆರೆಯೂ ಇಲ್ಲದೆ, ಕಣ್ಣಂದಾಜಿನಲ್ಲೇ ಕತ್ತರಿ ಓಡಿಸುತ್ತಿದ್ದರು. ಎರಡು ವರ್ಷ ಕೂತು ಒಂದು ಹಳದಿ ವಿಮಾನ ಕಟ್ಟಿದ್ದರು. ರೆಕ್ಕೆಗೆ ಹೊದಿಸಿದ ಬಟ್ಟೆಯಲ್ಲಿ ಹೊಲಿಗೆ ಎಲ್ಲಿದೆ ಎಂದು ಕೈಯಾಡಿಸಿದರೂ ತಿಳಿಯುತ್ತಿರಲಿಲ್ಲ. ಅದಕ್ಕೆ ನಾಲ್ಕು ಸೆಲ್ಲಿನ ಬ್ಯಾಟರಿ ಹಾಕಲೇ ಐದರದ್ದು ಹಾಕಲೇ ಎಂದು ಅವರು ಭಾವನನ್ನು ಕೇಳಿದರು. ನಾಲ್ಕು ಸೆಲ್ಲಿನ ಮೇಲೆ ನಾಲ್ಕು ಪಾಯಿಂಟ್ ಎಂಟು ಎಂದು ಬರೆದಿರುತ್ತದೆ, ಐದು ಸೆಲ್ಲಿನ ಮೇಲೆ ಆರು ಎಂದು. ಐದರಲ್ಲಿ ಕಿಡಿ ಗಟ್ಟಿ, ಇಂಜಿನ್ ಒಂದೇ ತಿರುವಿಗೆ ಹತ್ತಿಕೊಳ್ಳುತ್ತದೆ.

ಭಾವ ಒಂದು ವಾರ ತೆಗೆದುಕೊಂಡರು. ಐದು ಸೆಲ್ಲಿನದನ್ನು ಮನೆಗೆ ಒಯ್ದು ಚಾರ್ಜ್ ಮಾಡಿ, ತಮ್ಮ ಪಾಠದ ಪ್ರಕಾರ ಒಂದು ರಾತ್ರಿ ಬಿಟ್ಟು, ಬೆಳಗ್ಗೆ ಸಣ್ಣ ಬಲ್ಬು ಉರಿಸಿಕೊಂಡು ಅಳೆದರು. ಆರೂಕಾಲು. ಭಾನುವಾರ ದರ್ಜಿಯವರಿಗೆ ಹೇಳಿದರು: "ಐದು ಹಾಕಿ. ಆರು ಅಂತ ಬರೆದಿದೆ, ಕಾಲು ಹೆಚ್ಚು ತೋರಿಸ್ತಿದೆ ಅಷ್ಟೆ. ಕಾಲು ವೋಲ್ಟಿಗೆಲ್ಲ ಡಬ್ಬಿ ಹೆದರಲ್ಲ. ನಾನಿದೀನಿ, ಹಾಕಿ."

ಐದು ತಿಂಗಳು ಆ ಹಳದಿ ವಿಮಾನ ಹಾರಿತು. ನನ್ನಂಥ ಒರಟನಿಗೂ ಅದು ಇಳಿಯುವಾಗ ಉಸಿರು ಬಿಗಿಹಿಡಿದು ನೋಡುವ ಹಾಗಿತ್ತು.

ಆಮೇಲೆ ಒಂದು ಭಾನುವಾರ. ಹಿಂದಿನ ದಿನ ದರ್ಜಿಯವರ ಮನೆಯಲ್ಲಿ ಕರೆಂಟಿರಲಿಲ್ಲ, ಹಾಗಾಗಿ ಯಾವಾಗಲೂ ಶನಿವಾರ ರಾತ್ರಿ ಮನೆಯಲ್ಲೇ ತುಂಬಿಡುತ್ತಿದ್ದ ಬ್ಯಾಟರಿಯನ್ನು ಬಯಲಿಗೇ ತಂದು ಕಾರಿನಿಂದ ವೈರು ಎಳೆದು ಚಾರ್ಜ್ ಮಾಡಿಕೊಂಡರು. ತುಂಬಿದ ಕೂಡಲೇ ಬಿಚ್ಚಿ, ವಿಮಾನಕ್ಕೆ ಸಿಕ್ಕಿಸಿ, ಹಾರಿಸಿದರು. ವಿಮಾನ ಮೂಗೆತ್ತಿ ಏರುತ್ತಿತ್ತು. ಇದ್ದಕ್ಕಿದ್ದ ಹಾಗೆ ಸದ್ದು ನಿಂತಿತು. ಎಲ್ಲರೂ ತಲೆಯೆತ್ತಿದೆವು. ವಿಮಾನ ಒಂದು ಕ್ಷಣ ಅಲ್ಲೇ ತೂಗಿ, ಪಕ್ಕಕ್ಕೆ ಮಗುಚಿ, ಇಟ್ಟಿಗೆಗೂಡಿನ ಆಚೆಯ ಆಳೆತ್ತರದ ಹುಲ್ಲಿನೊಳಗೆ ಬಿತ್ತು.

ಹುಡುಕಿ ತರುವುದಕ್ಕೆ ಎರಡು ಗಂಟೆ ಹಿಡಿಯಿತು. ಇಂಜಿನ್ ಯಾಕೆ ನಿಂತಿತು ಎಂಬುದು ಪ್ರಶ್ನೆ. ರಿಮೋಟಿನಲ್ಲಿ ಇಂಜಿನ್ ನಿಲ್ಲಿಸುವ ಸಣ್ಣ ಸ್ವಿಚ್ಚೊಂದಿರುತ್ತದೆ. ನೋಡಿದರೆ ಅದು ಆಫ್ ಆಗಿತ್ತು. ವಿಮಾನ ಬಿದ್ದ ಮೇಲೆ ಯಾರಾದರೂ ಅದನ್ನು ಒತ್ತುತ್ತಾರೆ, ರೂಢಿ. ಒತ್ತಿದ್ದು ಬಿದ್ದ ಮೇಲೋ ಮೊದಲೋ ಎಂದು ಕಾರ್ಯದರ್ಶಿ ಕೇಳಿದಾಗ ದರ್ಜಿಯವರು ರಿಮೋಟನ್ನೇ ತಿರುವಿ ತಿರುವಿ ನೋಡಿದರು. ನೆನಪಿರಲಿಲ್ಲ. ಕಿಡಿಡಬ್ಬಿ ಸತ್ತಿತ್ತು, ಆದರೆ ಅಷ್ಟು ಎತ್ತರದಿಂದ ಬಿದ್ದ ಡಬ್ಬಿ ಬದುಕಿರುತ್ತದೆಯೇ? ಕೊನೆಗೆ ಎಲ್ಲರೂ ಭಾವನ ಕಡೆ ತಿರುಗಿದರು. ಭಾವ ಬ್ಯಾಟರಿಗೆ ಮೀಟರು ಹಚ್ಚಿದರು. ಆರು ಪಾಯಿಂಟ್ ನಾಲ್ಕು.

"ಬ್ಯಾಟರಿ ಸರಿಯಾಗಿದೆ," ಎಂದರು ಭಾವ.

ಅಲ್ಲಿಗೆ ತೀರ್ಮಾನವಾಯಿತು. ಬೆರಳು ತಗುಲಿ ಸ್ವಿಚ್ಚು ಆಫ್ ಆಗಿದೆ, ತಗುಲಿದ್ದು ಕೈ ನಡುಗಿದ್ದರಿಂದ. ಗಟ್ಟಿಯಾಗಿ ಹೇಳಿದವನು ಯಾರು ಎಂದರೆ ನಾನು. "ವಯಸ್ಸಾಯ್ತಲ್ರೀ, ಕೈ ಮೊದಲಿನ ಹಾಗಿರುತ್ತಾ?" ಎಂದೆ. ಸಮಾಧಾನಕ್ಕೆಂದು ಹೇಳಿದ್ದು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಏನೋ ಒಂದು ಹೇಳಿ ಮನೆಗೆ ಹೊರಡುವ ಆತುರ ನನಗಿತ್ತು. ದರ್ಜಿಯವರು ಮುರಿದ ರೆಕ್ಕೆಯನ್ನು ಕಾರಿನ ಹಿಂದೆ ಇಟ್ಟು, ಸತ್ತ ಡಬ್ಬಿಯನ್ನು ಭಾವನ ಮೇಜಿನ ಮೇಲೆ ಬಿಟ್ಟು ಹೋದರು. ಮತ್ತೆ ಬಯಲಿಗೆ ಬರಲಿಲ್ಲ.

ಮೂರು ತಿಂಗಳ ಮೇಲೆ ಪ್ಯಾಂಟಿನ ಸೊಂಟ ಸಡಿಲಿಸಲು ಅವರ ಅಂಗಡಿಗೆ ಹೋದೆ. ಕತ್ತರಿಸುವ ಮೇಜಿನ ಮುಂದೆ ಅವರ ಸೊಸೆ ನಿಂತಿದ್ದಳು. ಅವರು ಮೂಲೆಯ ಬೆತ್ತದ ಕುರ್ಚಿಯಲ್ಲಿ ಕೂತು ಗುಂಡಿ ಹಚ್ಚುತ್ತಿದ್ದರು. ಊರಿಗೇ ಹೆಸರಾದ ಕೈ ಗುಂಡಿ ಹಚ್ಚುತ್ತಿತ್ತು.

"ಕತ್ತರಿ ಬಿಟ್ಟೆ," ಎಂದರು ನಾನು ಕೇಳುವ ಮೊದಲೇ. "ಬಟ್ಟೆ ಒಂದು ಸಲ ಕತ್ತರಿಸಿದ್ರೆ ಮುಗೀತು, ಮತ್ತೆ ಸೇರಿಸೋಕಾಗಲ್ಲ. ಈ ಕೈಗೆ ಗುಂಡಿ ಸಾಕು."

ಅವರ ಕೈಯನ್ನು ನೋಡಿದೆ. ಸೂಜಿಗೆ ದಾರ ಒಂದೇ ಸಲಕ್ಕೆ ಹೋಯಿತು. ಸೊಸೆ ನನ್ನ ಕಡೆ ನೋಡಿ, ನೀವಾದರೂ ಹೇಳಿ ಎನ್ನುವ ಹಾಗೆ ಕಣ್ಣಿನಲ್ಲೇ ಬೇಡಿಕೊಂಡಳು. ನಾನು ಪ್ಯಾಂಟು ಕೊಟ್ಟು ಬಂದೆ. ಭಾವನಿಗೆ ಹೇಳಿದಾಗ ಅವರು ಆ ದಿನ ಊಟಕ್ಕೆ ಕೂತವರು ತಟ್ಟೆಯಲ್ಲೇ ಕೈಯಾಡಿಸಿ ಎದ್ದರಂತೆ. ಆಗ ಇನ್ನೂ ಅವರಿಗೆ ಏನೂ ಗೊತ್ತಿರಲಿಲ್ಲ, ಬರೀ ಮರುಕ.

ಗೊತ್ತಾಗಿದ್ದು ಇನ್ನೂ ಎಂಟು ತಿಂಗಳ ಮೇಲೆ, ಬೇಕರಿಯವರಿಂದ. ಅವರ ಇಂಜಿನ್ನಿಗೊಂದು ವಿಚಿತ್ರ ರೋಗ. ಬಯಲಿಗೆ ಬಂದ ಕೂಡಲೇ ತಿರುಗಿಸಿದರೆ ಸೀನುತ್ತದೆ, ಒದೆಯುತ್ತದೆ, ಕಿಡಿ ಲಯ ತಪ್ಪುತ್ತದೆ. ಎಲ್ಲರೂ ಟೀ ಕುಡಿದು ಹರಟೆ ಹೊಡೆದು ಒಂದು ಗಂಟೆ ಕಳೆದ ಮೇಲೆ ತಿರುಗಿಸಿದರೆ ಹಸುವಿನ ಹಾಗೆ ಸಾಧು. ಪೆಟ್ರೋಲು ತಣ್ಣಗಿದೆ ಎಂದರು ಒಬ್ಬರು, ಪ್ಲಗ್ಗು ಸರಿಯಿಲ್ಲ ಎಂದರು ಇನ್ನೊಬ್ಬರು. ಅವರದ್ದೂ ಐದು ಸೆಲ್ಲಿನ ಬ್ಯಾಟರಿ, ಭಾವ ಹೇಳಿದ್ದೇ. ಬೇಕರಿಯವರು ಬೆಳಗಿನ ಬ್ರೆಡ್ಡು ಇಳಿಸುವ ಹೊತ್ತಿನಲ್ಲಿ ಒಲೆಯ ಪಕ್ಕದ ಪ್ಲಗ್ಗಿಗೆ ಅದನ್ನು ಹಾಕಿ, ತುಂಬಿದ ಕೂಡಲೇ ಜೇಬಿಗಿಳಿಸಿ ಬಯಲಿಗೆ ಬರುತ್ತಿದ್ದರು.

"ಡಬ್ಬಿ, ಬ್ಯಾಟರಿ ಎರಡೂ ಕೊಡಿ, ಮನೇಲಿ ನೋಡ್ತೀನಿ," ಎಂದರು ಭಾವ.

ಮರುದಿನ ಸಂಜೆ ನಾಲ್ಕರ ಹೊತ್ತಿಗೆ ನಾನು ಅವರ ಮನೆಗೆ ಹೋದೆ. ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪೇಪರು ಹಾಸಿತ್ತು. ಅದರ ಮೇಲೆ ಬ್ಯಾಟರಿ, ಮೀಟರು, ಗಡಿಯಾರ. ಭಾವ ಪೇಪರಿನ ಅಂಚಿನಲ್ಲಿ ಬರೆದಿಟ್ಟಿದ್ದರು. ಬಿಚ್ಚಿದ ಕೂಡಲೇ ಏಳೂಕಾಲು. ಹತ್ತು ನಿಮಿಷಕ್ಕೆ ಏಳು. ಅರ್ಧ ಗಂಟೆಗೆ ಆರು ಪಾಯಿಂಟ್ ಎಂಟು. ಎರಡು ಗಂಟೆಗೆ ಆರೂವರೆ. ಅತ್ತಿಗೆ ಮೂಗು ಮುಚ್ಚಿಕೊಂಡು ಕಿಟಕಿ ತೆರೆಯುತ್ತಿದ್ದರು. ಭಾವ ಬ್ಯಾಟರಿಯನ್ನು ಎರಡನೇ ಸಲ ತುಂಬಿ, ತುಂಬಿದ ಕ್ಷಣವೇ ಬೇಕರಿಯವರ ಡಬ್ಬಿಗೆ ಸಿಕ್ಕಿಸಿದ್ದರಂತೆ. ಕಿಡಿ ಎರಡು ನಿಮಿಷ ಹುಚ್ಚೆದ್ದು ಕುಣಿದು, ಡಬ್ಬಿ ಕೈಯಿಡಲಾರದಷ್ಟು ಕಾದು, ಸುಟ್ಟ ವಾಸನೆ ಬಂದು ತಣ್ಣಗಾಯಿತಂತೆ.

ಭಾವ ಕಪಾಟಿನಿಂದ ಒಂದು ತಗಡಿನ ಡಬ್ಬ ತಂದರು. ಅದರಲ್ಲಿ ದರ್ಜಿಯವರ ಕಿಡಿಡಬ್ಬಿ ಇತ್ತು. ಗರಗಸದಲ್ಲಿ ಎರಡನ್ನೂ ಸೀಳಿ ಅಕ್ಕಪಕ್ಕ ಇಟ್ಟರು. ಒಳಗೆ ಅಕ್ಕಿಕಾಳಿನಷ್ಟು ಸಣ್ಣ ಒಂದು ಬಿಡಿಭಾಗ, ಎರಡರಲ್ಲೂ ಅದೇ, ಎರಡರಲ್ಲೂ ಕರಕಲು. ಬಿದ್ದು ಒಡೆದದ್ದಲ್ಲ, ಸುಟ್ಟದ್ದು.

"ಉಬ್ಬಿದಾಗ ಹೆಚ್ಚು ತೋರಿಸುತ್ತೆ, ಅದು ಸುಳ್ಳು ಲೆಕ್ಕ ಅಂತ ಮೂವತ್ತು ವರ್ಷ ಹೇಳ್ಕೊಂಡ್ ಬಂದೆ," ಎಂದರು ಭಾವ. ಧ್ವನಿ ಬೇರೆಯಾಗಿತ್ತು. "ಲಾರಿಗೆ ಅದು ಸುಳ್ಳು. ಈ ಡಬ್ಬಿಗೆ ಅದೇ ನಿಜ. ಅದೇನು ಬೆಳಗಾಗೋವರೆಗೆ ಕಾಯುತ್ತಾ? ಸಿಕ್ಕಿಸಿದ ಕ್ಷಣ ಏಳೂಕಾಲು ಅದರ ಎದೆ ಮೇಲೆ ಬಿತ್ತು. ಎಷ್ಟು ಅಂತ ಹೆಸರು ಬರೆದಿದೆ ಅಂತಲ್ಲ, ಅತಿ ಹೆಚ್ಚು ಅಂದ್ರೆ ಎಷ್ಟು ಹತ್ತುತ್ತೆ ಅಂತ ನೋಡ್ಬೇಕಿತ್ತು. ಲಿಥಿಯಂಗೆ ಹಾಗೆ ನೋಡ್ದೆ. ಇದಕ್ಕೆ ನೋಡ್ಲಿಲ್ಲ. ಅವತ್ತು ಅವರು ಕಾರಿಂದ ಬಿಚ್ಚಿ ನೇರ ಸಿಕ್ಕಿಸಿದ್ದನ್ನ ನಾನು ಕಣ್ಣಾರೆ ನೋಡಿದೀನಿ. ನೋಡಿ, ಎರಡು ಗಂಟೆ ಆದ್ಮೇಲೆ ಅಳೆದು, ಬ್ಯಾಟರಿ ಸರಿಯಾಗಿದೆ ಅಂದೆ. ನಡುಗಿದ್ದು ಅವರ ಕೈಯಲ್ಲ. ನನ್ನ ಮಾತು."

ನನಗೆ ಏನು ತೋಚಿತೋ ಅದನ್ನೇ ಹೇಳಿದೆ, ಮರೆಮಾಚುವುದಿಲ್ಲ. "ಭಾವ, ಹನ್ನೊಂದು ತಿಂಗಳಾಯ್ತು. ಈಗ ಕೆದಕಿ ಏನು ಸಿಗುತ್ತೆ? ಎಲ್ಲರಿಗೂ ನಾಲ್ಕು ಸೆಲ್ ಹಾಕಿ ಅಂತ ಹೇಳಿ, ಸುಮ್ನಾಗಿ. ಬಾಯಿ ಬಿಟ್ರೆ ಆ ಮೇಜು, ಕುರ್ಚಿ ಎಲ್ಲ ಹೋಗುತ್ತೆ. ನಿಮ್ಮ ಹತ್ರ ಯಾರೂ ಸುಳಿಯಲ್ಲ."

ಭಾವ ತಲೆಯಾಡಿಸಿದರು. "ಅದೇ ಭಯ," ಎಂದರು. "ಭಾನುವಾರ ಬಿಟ್ರೆ ನನಗೆ ಇನ್ನೇನಿದೆ?" ಅವರ ಕಣ್ಣು ತುಂಬಿತು. ಅರವತ್ತಾರು ವರ್ಷದ ಮನುಷ್ಯ, ಅಡುಗೆಮನೆಯಲ್ಲಿ ಸುಟ್ಟ ಡಬ್ಬಿಗಳ ಮುಂದೆ ಕೂತು ಅಳುವುದನ್ನು ನೋಡಲಾರದೆ ನಾನು ಪೇಪರಿನ ಅಂಚಿನ ಅಂಕಿಗಳನ್ನೇ ಮತ್ತೆ ಮತ್ತೆ ಓದಿದೆ.

ಅತ್ತಿಗೆ ಕಿಟಕಿ ಬಿಟ್ಟು ಬಂದರು. ನನ್ನ ಮುಂದೆ ಟೀ ಲೋಟ ಕುಕ್ಕಿದರು. "ನೀವು ಸುಮ್ನೆ ಟೀ ಕುಡೀರಿ," ಎಂದರು ನನಗೆ. ಗಂಡನ ಕಡೆ ತಿರುಗಿ, "ಅಲ್ಲಿ ಅವರು ಗುಂಡಿ ಹಚ್ಕೊಂಡ್ ಕೂತಿದಾರೆ. ನಿಮಗೆ ಯಾವ ಅಂಗಿ ತೆಗೆದಿಡ್ಲಿ?" ಎಂದರು. ಅಷ್ಟೇ. ಐವತ್ತು ಮಾತಿನಲ್ಲಿ ಹೇಳಬೇಕಾದ್ದನ್ನು ಆಕೆ ಹೀಗೆ ಒಂದರಲ್ಲಿ ಮುಗಿಸುತ್ತಾರೆ.

ಅಂಗಡಿಗೆ ನಾನೂ ಹೋದೆ. ಭಾವ ಕತ್ತರಿಸುವ ಮೇಜಿನ ಮೇಲೆ ಸೀಳಿದ ಎರಡು ಡಬ್ಬಿಗಳನ್ನಿಟ್ಟು, ನಿಂತೇ, ಒಂದೂ ಬಿಡದೆ ಹೇಳಿದರು. ಸೊಸೆ ಕತ್ತರಿ ಕೆಳಗಿಟ್ಟು ಕೇಳಿದಳು. ಕೋಟು ಅಳತೆ ಕೊಡಲು ಬಂದ ಗಿರಾಕಿಯೊಬ್ಬ ತೋಳು ಚಾಚಿ ನಿಂತವನು ತೋಳು ಇಳಿಸುವುದನ್ನೇ ಮರೆತಿದ್ದ. "ತಪ್ಪು ನನ್ನದು. ನಿಮ್ಮ ಕೈಯದ್ದಲ್ಲ," ಎಂದು ಭಾವ ಮುಗಿಸಿದರು. ನಾನೂ ಒಂದು ಮಾತು ಹೇಳಬೇಕಿತ್ತು, ಬಾಯಿಗೆ ಬೀಗ ಬಿದ್ದಿತ್ತು.

ದರ್ಜಿಯವರು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. ಡಬ್ಬಿಗಳನ್ನು ಬೆಳಕಿಗೆ ಹಿಡಿದು ನೋಡಿದರು. ಕೆಳಗಿಟ್ಟರು. ಎದ್ದು ಒಳಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತು ಕಾದು ನಾವು ಬಂದೆವು.

ಮುಂದಿನ ಭಾನುವಾರ ಬಯಲಿನಲ್ಲೂ ಭಾವ ಅದನ್ನೇ ಹೇಳಿದರು. ಹತ್ತು ಜನರ ಮುಂದೆ ಹೋದ ಮಾನ ಹತ್ತು ಜನರ ಮುಂದೆಯೇ ವಾಪಸು ಬರಬೇಕು ಎಂದು ಅವರ ಹಟ. ಯಾರೂ ಬೈಯಲಿಲ್ಲ. "ಆಯ್ತು ಬಿಡಿ, ವೋಲ್ಟಣ್ಣ. ಇನ್ನು ಮೇಲೆ ನಮ್ಮ ನಮ್ಮ ಬ್ಯಾಟರಿ ನಾವೇ ಅಳ್ಕೋತೀವಿ," ಎಂದರು ಕಾರ್ಯದರ್ಶಿ, ಬಹಳ ಮರ್ಯಾದೆಯಿಂದ. ಆ ಮರ್ಯಾದೆಗೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬೈದಿದ್ದರೂ ತಡೆದುಕೊಳ್ಳಬಹುದಿತ್ತು. ಬೇಕರಿಯವರಿಗೆ ಭಾವ ಹೊಸ ಡಬ್ಬಿ ತಂದುಕೊಟ್ಟರು, ನಾಲ್ಕು ಸೆಲ್ಲಿನ ಬ್ಯಾಟರಿಯನ್ನೂ ತುಂಬಿದ ಕೂಡಲೇ ಅವರ ಎದುರಿಗೇ ಅಳೆದು ತೋರಿಸಿದರು, ಐದು ಪಾಯಿಂಟ್ ಎಂಟು. ಬೇಕರಿಯವರು ಥ್ಯಾಂಕ್ಸ್ ಹೇಳಿ, ಆಮೇಲೆ ತಮ್ಮ ಮೀಟರಿನಲ್ಲಿ ಇನ್ನೊಮ್ಮೆ ಅಳೆದುಕೊಂಡರು.

ಮೂರು ಭಾನುವಾರ ಭಾವ ಖಾಲಿ ಮೇಜಿನ ಮುಂದೆ ಕೂತರು. ಬೇಡ, ಮನೆಯಲ್ಲೇ ಇರಿ ಎಂದು ನಾನು ಹೇಳಿ ಸೋತೆ. "ಅವರು ಬಂದ್ರೆ ನಾನಿರ್ಬೇಕಲ್ಲ," ಎನ್ನುತ್ತಿದ್ದರು.

ನಾಲ್ಕನೇ ಭಾನುವಾರ ದರ್ಜಿಯವರ ಕಾರು ಬಂತು. ಸೊಸೆ ಓಡಿಸುತ್ತಿದ್ದಳು. ಹಿಂದಿನ ಸೀಟಿನಿಂದ ಹಳೆಯದೊಂದು ಸಣ್ಣ ವಿಮಾನ ಇಳಿಸಿದರು, ನೀಲಿ ಬಣ್ಣದ್ದು, ರೆಕ್ಕೆಯ ಮೇಲೆ ಇನ್ನೂ ಧೂಳಿತ್ತು. ದರ್ಜಿಯವರು ಭಾವನ ಕಡೆ ನೋಡಲಿಲ್ಲ. ಕಾರಿನಿಂದಲೇ ಬ್ಯಾಟರಿ ತುಂಬಿಸಿ, ಬಿಚ್ಚಿದ ಕೂಡಲೇ ಜೇಬಿನಿಂದ ಹೊಚ್ಚಹೊಸ ಮೀಟರು ತೆಗೆದು ಅಳೆದರು. ಸೊಸೆ ಬಗ್ಗಿ ನೋಡಿ ಗಟ್ಟಿಯಾಗಿ ಓದಿದಳು: ಐದು ಪಾಯಿಂಟ್ ಎಂಟು. ಬಯಲಿನಲ್ಲಿ ಎಲ್ಲರೂ ತಂತಮ್ಮ ಕೆಲಸ ಬಿಟ್ಟು ನಿಂತಿದ್ದರು.

ಇಂಜಿನ್ ಮೂರನೇ ತಿರುವಿಗೆ ಹತ್ತಿತು. ಅವರು ರಿಮೋಟನ್ನು ಎದೆಗೆ ಒತ್ತಿಕೊಂಡು ಬಹಳ ಹೊತ್ತು ನಿಂತರು. ಹಾರಿಸುವುದಿಲ್ಲವೇನೋ ಎಂದು ನನಗೆ ಅನ್ನಿಸಿತು. ಆಮೇಲೆ ಹಾರಿಸಿದರು. ದೊಡ್ಡ ಸರ್ಕಸ್ಸೇನೂ ಮಾಡಲಿಲ್ಲ, ನಾಲ್ಕು ಸುತ್ತು. ಭಾವ ಆಕಾಶ ನೋಡಲಿಲ್ಲ, ದರ್ಜಿಯವರ ಹೆಬ್ಬೆರಳುಗಳನ್ನೇ ನೋಡುತ್ತಿದ್ದರು. ಐದನೇ ಸುತ್ತಿಗೆ ವಿಮಾನ ಇಳಿಯಿತು. ಹುಲ್ಲು ಸವರಿಕೊಂಡು ಬಂದು, ಅವರ ಕಾಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿತು. ಅವರು ಸ್ವಿಚ್ಚು ಒತ್ತಿದರು. ಇಂಜಿನ್ ನಿಂತಿತು.

ದರ್ಜಿಯವರು ರಿಮೋಟನ್ನು ಸೊಸೆಯ ಕೈಗೆ ಕೊಟ್ಟು, ನೇರ ಭಾವನ ಮೇಜಿಗೆ ಬಂದರು. ಬಂದವರು ಬೈಯಲು ಶುರು ಮಾಡಿದರು.

"ಹನ್ನೊಂದು ತಿಂಗಳು ರೀ! ವಿಮಾನ ಹೋದ್ರೆ ಹಾಳಾಗ್ಹೋಗ್ಲಿ, ಇನ್ನೊಂದು ಕಟ್ತೀನಿ. ಹನ್ನೊಂದು ತಿಂಗಳು ನನ್ನ ಕೈನ ನಾನೇ ನಂಬಿಲ್ಲ. ಟೀ ಲೋಟ ಎರಡು ಕೈಲಿ ಹಿಡ್ಕೊಂಡ್ ಕುಡಿದೆ. ಮೊಮ್ಮಗೂನ ಎತ್ಕೊಳ್ಳಿಲ್ಲ, ಎಲ್ಲಿ ಬೀಳಿಸ್ತೀನೋ ಅಂತ. ನಾನಿದೀನಿ ಅಂದ್ರಲ್ಲ, ಎಲ್ಲಿದ್ರಿ ನೀವು?" ನನ್ನ ಕಡೆ ಬೆರಳು ತೋರಿಸಿದರು. "ನೀವೇನು ನೋಡ್ತಿದೀರಿ? ವಯಸ್ಸಾಯ್ತು ಅಂದಿದ್ದು ನೀವೇ ಅಲ್ವಾ? ನಿಮ್ಮ ಬಸ್ಸುಗಳು ಹೊತ್ತಿಗೆ ಸರಿಯಾಗಿ ಬರ್ತವಾ ಮೊದಲು ನೋಡ್ಕೊಳ್ಳಿ!"

"ತಪ್ಪಾಯ್ತು," ಎಂದೆ. ಅಷ್ಟು ದಿನ ಆಡದೆ ಉಳಿಸಿಕೊಂಡಿದ್ದ ಮಾತು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯ.

ಅವರು ಇನ್ನೂ ಬೈದರು. ಹತ್ತು ನಿಮಿಷವಾದರೂ ಬೈದಿರಬೇಕು. ಆ ಮಾತು ಆಡುವುದಕ್ಕೆ ಮೊದಲು ಅವರಿಗೆ ತಮ್ಮ ಕೈ ಸರಿಯಿದೆ ಎಂದು ಖಾತ್ರಿಯಾಗಬೇಕಿತ್ತು ಎಂಬುದು ನನಗೆ ಆಗ ಅರ್ಥವಾಯಿತು. ಭಾವ ಎದ್ದು ನಿಂತು, ಒಂದು ಮಾತಿಗೂ ಅಡ್ಡ ಬರದೆ, ಕೇಳಿಸಿಕೊಂಡರು. ಅವರ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಮುಖ ಮಾತ್ರ ಎಷ್ಟೋ ವಾರಗಳ ಮೇಲೆ ಹಗುರಾಗಿತ್ತು.

ಬೈಗುಳ ಮುಗಿದಾಗ ದರ್ಜಿಯವರಿಗೆ ಏದುಸಿರು ಬಂದಿತ್ತು. ಭಾವನ ಕುರ್ಚಿಯಲ್ಲೇ ಧೊಪ್ಪನೆ ಕೂತರು. ತಮ್ಮ ಅಂಗೈಗಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡರು. ಆಮೇಲೆ ತಗ್ಗಿದ ಧ್ವನಿಯಲ್ಲಿ ಹೇಳಿದರು:

"ನಾಳೆ ಒಂದು ಕೋಟು ಕತ್ತರಿಸ್ಬೇಕು. ನಾನೇ ಕತ್ತರಿಸ್ತೀನಿ ಅಂತ ಸೊಸೆಗೆ ಹೇಳಿದೀನಿ. ಒಬ್ನೇ ನಿಂತ್ರೆ ಆಗಲ್ಲ ಅನ್ಸುತ್ತೆ. ನೀವು ಬಂದು ಎದುರಿಗೆ ಕೂತ್ಕೋತೀರಾ?"

ಭಾವ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡರು.

"ಎಷ್ಟು ಗಂಟೆಗೆ ಬರ್ಲಿ?" ಎಂದರು.